ಹಳೆಯ ಗ್ರಾಮೋಫೋನಿನ ಹೊಟ್ಟೆ ಬಗೆಯಬೇಡಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳೆಯ ಮನೆಗಳ ಅಟ್ಟದ ಮೇಲೆ ಚಾವಿ ಕೊಡುವ ಗ್ರಾಮೋಫೋನುಗಳು ಅಲ್ಲೊಂದು ಇಲ್ಲೊಂದು ಇನ್ನೂ ಉಳಿದಿವೆ. ಅವನ್ನು ಎಲ್‌ಪಿ ರೆಕಾರ್ಡು ನುಡಿಸುವಂತೆ ಮಾರ್ಪಡಿಸಬೇಕೆಂಬ ಉತ್ಸಾಹ ನಮ್ಮ ತರುಣ ಬಂಧುಗಳಲ್ಲಿ, ನನ್ನ ಕೆಲವು ಹಳೆಯ ವಿದ್ಯಾರ್ಥಿಗಳಲ್ಲಿ ಕಾಣುತ್ತಿದೆ. ಈ ಉತ್ಸಾಹವನ್ನು ನಾನು ಖಂಡತುಂಡವಾಗಿ ವಿರೋಧಿಸುತ್ತೇನೆ.

ನಿಮಿಷಕ್ಕೆ 78 ಸುತ್ತಿನ ವೇಗವನ್ನು ಮೂವತ್ಮೂರೂ ಕಾಲಿಗಿಂತ ತುಸು ಮೇಲಕ್ಕೆ ಇಳಿಸಿದರೆ ಸಾಕೆಂಬುದು ಮೊದಲನೆಯ ವಾದ. ಇದು ಅರ್ಧ ತಿಳಿದವರ ಮಾತು. 78ರ ತಟ್ಟೆ ಅರಗು ಮತ್ತು ಕಲ್ಲಿನ ಪುಡಿಯಿಂದಾದದ್ದು. ಉಕ್ಕಿನ ಮುಳ್ಳನ್ನು ಅದು ತನ್ನ ಗೆರೆಗೆ ತಕ್ಕಂತೆ ತಾನೇ ಮಸೆದುಕೊಳ್ಳುತ್ತದೆ. ಆದ್ದರಿಂದಲೇ ಪ್ರತಿ ಬದಿಗೂ ಹೊಸ ಮುಳ್ಳು ಬೇಕು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದ ಎಲ್‌ಪಿ ಮೆದುವಾದ ವಿನೈಲಿನದು, ಅದರ ಗೆರೆ ಬಹಳ ಸಪೂರ. ಅದರ ಮೇಲೆ ಎರಡು ಮೂರು ಗ್ರಾಮಿನ ಭಾರ ಸಾಕು. ಗ್ರಾಮೋಫೋನಿನ ಸೌಂಡ್‌ಬಾಕ್ಸ್ ನೂರು ಗ್ರಾಮಿಗೂ ಮಿಕ್ಕಿ ಒತ್ತುತ್ತದೆ. ಒಮ್ಮೆ ನುಡಿಸಿದರೆ ಎಲ್‌ಪಿ ಹಾಳು. ಮೇಲಾಗಿ, ಮೂರು ನಾಲ್ಕು ನಿಮಿಷದ ಹಾಡಿಗೆಂದು ಮಾಡಿದ ಸ್ಪ್ರಿಂಗು ಇಪ್ಪತ್ತು ನಿಮಿಷದ ಬದಿಯನ್ನು ಎಳೆದೀತೆ?

ಹಾಗಾದರೆ ವಿದ್ಯುತ್ ಮೋಟರು, ಹೊಸ ಪಿಕಪ್ಪು, ಸ್ಪೀಕರು ಜೋಡಿಸೋಣವೆನ್ನುತ್ತಾರೆ. ಸರಿ, ಆಗ ಉಳಿಯುವುದೇನು? ಮರದ ಪೆಟ್ಟಿಗೆ ಮತ್ತು ಅಲಂಕಾರದ ಕಹಳೆ. ಬೆಟಗೇರಿಯ ಕೈಮಗ್ಗದ ಚೌಕಟ್ಟಿನೊಳಗೆ ಮೋಟರು ಕೂರಿಸಿ, ನೆಯ್ದುದನ್ನು ಕೈಮಗ್ಗದ ಸೀರೆಯೆಂದು ಕರೆದರೆ ನೇಕಾರನು ಒಪ್ಪುವನೆ? ವಿದ್ಯುತ್ತಿನ ಹಂಗಿಲ್ಲದೆ, ಅಭ್ರಕದ ತೆಳುಬಿಲ್ಲೆಯೊಂದರ ಕಂಪನವನ್ನು ಕಹಳೆಯೇ ಹಿಗ್ಗಿಸಿ ಮನೆ ತುಂಬಿಸುವುದು ಈ ಯಂತ್ರದ ವೈಶಿಷ್ಟ್ಯ. ಅದನ್ನೇ ಕಿತ್ತ ಮೇಲೆ ಹಳೆಯದನ್ನು ಉಳಿಸಿದೆವೆಂಬುದು ಆತ್ಮವಂಚನೆ.

ನಷ್ಟ ಯಂತ್ರದ್ದು ಮಾತ್ರವಲ್ಲ. ನಮ್ಮ ಗದಗಿನ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಮ್ ಖಾನರ ರೆಕಾರ್ಡು ಕೇಳಿ ಮರುಳಾದರು. ಗುರುವನ್ನರಸಿ 1933ರಲ್ಲಿ ಮನೆ ಬಿಟ್ಟರು. ಆ ಕಾಲದ ಎಷ್ಟೋ ಕಂಠಗಳು, ನಾಟಕದ ಹಾಡುಗಳು ಎಲ್‌ಪಿಯ ಮೇಲೆ ಬರಲೇ ಇಲ್ಲ. ಯಂತ್ರ ಹೋದ ಮನೆಯಲ್ಲಿ ಅರಗಿನ ತಟ್ಟೆಗಳು ಬರಿಯ ಹೊರೆಯಾಗುತ್ತವೆ. ಹೊರೆಯಾದದ್ದು ಗುಜರಿಯವನ ಪಾಲಾಗುತ್ತದೆ.

ಧೂಳು ತಿನ್ನುವುದಕ್ಕಿಂತ ಅದು ಹಾಡಲಿ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಹಾಡಲಿ, ಆದರೆ ತನ್ನ ಹಾಡನ್ನೇ ಹಾಡಲಿ. ಗಟ್ಟಿಯಾದ ಹಳೆಯ ಜಿಡ್ಡನ್ನು ತೆಗೆಯಿಸಿ, ಎಣ್ಣೆ ಬಿಡಿಸಿ, ಹೊಸ ಮುಳ್ಳು ಹಾಕಿ, 78ರ ತಟ್ಟೆ ಇಡಿ. ಎಲ್‌ಪಿ ಕೇಳುವ ಆಸೆಯಿದ್ದರೆ ಪಕ್ಕದಲ್ಲಿ ಬೇರೊಂದು ಟರ್ನ್‌ಟೇಬಲ್ ಇಟ್ಟುಕೊಳ್ಳಿ. ಅದು ಅಂಗಡಿಯಲ್ಲಿ ಸಿಗುತ್ತದೆ. ಅಜ್ಜನ ಗ್ರಾಮೋಫೋನು ಸಿಗುವುದಿಲ್ಲ.