ಅಂಗಳ ಕೊಡುವವರು ಅಂಗಡಿ ಇಡಬಾರದು

ಗದಗ, ಲಕ್ಷ್ಮೇಶ್ವರಗಳ ಕೃಷಿ ಉತ್ಪನ್ನ ಮಾರುಕಟ್ಟೆಯನ್ನು ಬಲ್ಲವರಿಗೆ ದಕ್ಷಿಣ ಆಫ್ರಿಕದ ಟೆರಾಕೊ ಕಂಪನಿಯ ಕಥೆ ಅಪರಿಚಿತವೆನಿಸದು. ಮಾರುಕಟ್ಟೆ ಸಮಿತಿ ಶೇಂಗಾವನ್ನಾಗಲಿ ಹೆಸರುಕಾಳನ್ನಾಗಲಿ ತಾನು ಕೊಳ್ಳುವುದಿಲ್ಲ. ಪ್ರಾಂಗಣವನ್ನೂ ನಿಯಮಗಳನ್ನೂ ಒದಗಿಸಿ ಶುಲ್ಕ ಪಡೆಯುತ್ತದೆ. ಅಂಗಳ ತಮ್ಮ ಎದುರಾಳಿಯದಲ್ಲ ಎಂಬ ಭರವಸೆಯಿಂದಲೇ ಖರೀದಿದಾರರು ಅಲ್ಲಿ ನೆರೆಯುತ್ತಾರೆ. 2008ರಲ್ಲಿ ಆರಂಭವಾದ ಟೆರಾಕೊ ಮಾಡಿದ್ದೂ ಇದನ್ನೇ. ಅದು ದೂರಸಂಪರ್ಕ ಕಂಪನಿಯಲ್ಲ. ಬೇರೆಯವರ ಕಂಪ್ಯೂಟರ್‌ಗಳಿಗೆ ಸ್ಥಳ, ನಿಲ್ಲದ ವಿದ್ಯುತ್ತು, ತಂಪು ಮತ್ತು ಕಾವಲನ್ನು ಬಾಡಿಗೆಗೆ ಕೊಡುವ ಡೇಟಾ ಸೆಂಟರ್.

ಆ ದೇಶದಲ್ಲಿ ಸಮುದ್ರದಾಳದ ಕೇಬಲ್ಲಿನ ಮೇಲೆ ಟೆಲ್ಕಾಮ್ ಸಂಸ್ಥೆಯ ಬಿಗಿಹಿಡಿತವಿತ್ತು. 2009ರಲ್ಲಿ ಸೀಕಾಮ್ ಕೇಬಲ್ ಬಂದು ಅದು ಸಡಿಲವಾದಾಗ, ಪರಸ್ಪರ ಸ್ಪರ್ಧಿಗಳಿಗೆ ಸಂಧಿಸಲು ಯಾವ ಸ್ಪರ್ಧಿಗೂ ಸೇರದ ಮನೆ ಬೇಕಾಯಿತು. 2012ರಲ್ಲಿ ಟೆರಾಕೊ ‘ನ್ಯಾಪ್ ಆಫ್ರಿಕ’ ಎಂಬ ಅಂತರ್ಜಾಲ ವಿನಿಮಯ ಕೇಂದ್ರವನ್ನು ತೆರೆದು, ಜಾಲಗಳು ಅಲ್ಲಿ ಶುಲ್ಕವಿಲ್ಲದೆ ದತ್ತಾಂಶ ಬದಲಿಸಿಕೊಳ್ಳಲು ಬಿಟ್ಟಿತು. ನೆರೆಯ ಎರಡು ದೇಶಗಳ ನಡುವಿನ ಸಂದೇಶವೂ ಯುರೋಪನ್ನು ಸುತ್ತಿ ಬರುತ್ತಿದ್ದ ಖಂಡದಲ್ಲಿ ಇದು ಸಣ್ಣ ಸಂಗತಿಯಲ್ಲ. ಇದರಲ್ಲಿ ಔದಾರ್ಯವನ್ನು ಹುಡುಕಬೇಕಾಗಿಲ್ಲ: ಹೊಸ ಬಾಡಿಗೆದಾರನೊಬ್ಬ ಬಂದಷ್ಟೂ ಉಳಿದವರಿಗೆ ಆ ಸ್ಥಳದ ಬೆಲೆ ಹೆಚ್ಚುತ್ತದೆ. 2022ರಲ್ಲಿ ಅಮೆರಿಕದ ಡಿಜಿಟಲ್ ರಿಯಾಲ್ಟಿ ಬಹುಪಾಲು ಷೇರುಗಳನ್ನು ಕೊಂಡಾಗ ಕಂಪನಿಯ ಮೌಲ್ಯವನ್ನು ಸುಮಾರು 350 ಕೋಟಿ ಡಾಲರ್ ಎಂದು ಕಟ್ಟಲಾಯಿತು.

ಇತ್ತ, ಅದೇ 2022ರಲ್ಲಿ ಕರ್ನಾಟಕವೂ ಡೇಟಾ ಸೆಂಟರ್ ನೀತಿಯೊಂದನ್ನು ಪ್ರಕಟಿಸಿತು. ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳ ವಿದ್ಯುತ್ತು ತಂತಿಯೇರಿ ಹೊರಗೆ ಹೋಗುತ್ತಿರುವಾಗ, ಅದನ್ನು ಬಳಸುವ ಇಂಥದೊಂದು ಕೇಂದ್ರ ನಮ್ಮ ಭಾಗದಲ್ಲೇ ಏಕಿರಬಾರದೆಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಅಗತ್ಯವೂ ಇದೆ. ಮಾರುಕಟ್ಟೆಯ ಟೆಂಡರ್ ಈಗ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಸಂಪರ್ಕ ಕಡಿದರೆ ರೈತ ಮಾಲಿನ ಪಕ್ಕದಲ್ಲಿ ಕಾಯುತ್ತ ಕೂರಬೇಕು. ಸಹಕಾರಿ ಬ್ಯಾಂಕುಗಳು ಕೂಡ ಲೆಕ್ಕವನ್ನಿಡಲು ನಂಬಿಕಸ್ಥ ಸ್ಥಳ ಹುಡುಕುತ್ತಿವೆ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಜಿಲ್ಲೆಗೆ ‘ಎಲ್ಲರದೂ ಆದ ಸ್ಥಳ’ವೆಂಬ ಕಲ್ಪನೆಯನ್ನು ಹೊಸದಾಗಿ ವಿವರಿಸಬೇಕಾಗಿಯೂ ಇಲ್ಲ.

ನನ್ನ ಆತಂಕವಿರುವುದು ರಿಯಾಯಿತಿಯ ಆದೇಶದ ಬಗ್ಗೆ. ನಮ್ಮಲ್ಲಿ ದೂರಸಂಪರ್ಕ ಕಂಪನಿಗಳೇ ಡೇಟಾ ಸೆಂಟರ್ ನಡೆಸುವುದುಂಟು. ಏರ್‌ಟೆಲ್‌ನ ನೆಕ್ಸ್‌ಟ್ರಾ ಅಂಥದು. ಸ್ವಂತ ಹಣದಿಂದ ನಡೆಸುವವರನ್ನು ಆಕ್ಷೇಪಿಸಲು ಕಾರಣವಿಲ್ಲ. ಆದರೆ ಮುಂಡರಗಿಯಲ್ಲೋ ಶಿರಹಟ್ಟಿಯಲ್ಲೋ ಸರ್ಕಾರಿ ಜಮೀನನ್ನೂ ತೆರಿಗೆ ವಿನಾಯಿತಿಯನ್ನೂ ಪಡೆದು ಕಟ್ಟುವ ಕೇಂದ್ರಕ್ಕೆ, ಪರವಾನಗಿಯುಳ್ಳ ಯಾವುದೇ ಕಂಪನಿ ಒಂದೇ ದರದಲ್ಲಿ ತನ್ನ ಕೇಬಲ್ ತರುವಂತಿರಬೇಕು. ಆ ದರಪಟ್ಟಿ ಬಹಿರಂಗವಾಗಿರಬೇಕು. ಈ ಷರತ್ತು ಮಂಜೂರಾತಿಯ ದಿನವೇ ಕಾಗದದ ಮೇಲೆ ಬರಬೇಕು. ಕಟ್ಟಡ ಎದ್ದ ಮೇಲೆ ಬರೆಯುವ ಜ್ಞಾಪನಗಳ ಗತಿ ಏನಾಗುತ್ತದೆಂಬುದನ್ನು ಸೇವಾವಧಿಯಲ್ಲಿ ಸಾಕಷ್ಟು ನೋಡಿದ್ದೇನೆ.

ಜೊತೆಗೆ ನೀರಿನ ಪ್ರಶ್ನೆಯಿದೆ. ದೊಡ್ಡ ಡೇಟಾ ಸೆಂಟರುಗಳು ತಂಪಿಗಾಗಿ ಬಹಳಷ್ಟು ನೀರು ಕುಡಿಯುತ್ತವೆ. ಗದಗ-ಬೆಟಗೇರಿಯ ಮನೆಗಳಲ್ಲಿ ನಲ್ಲಿ ಬರುವ ದಿನವನ್ನು ಇಂದಿಗೂ ಎಣಿಸುತ್ತ ಕೂರುತ್ತಾರೆ. ಹೀಗಾಗಿ ಇಲ್ಲಿಗೆ ಬೇಕಾದದ್ದು ಗಾಳಿಯಿಂದಲೇ ತಂಪಾಗುವ ಸಣ್ಣ ಕೇಂದ್ರ. ಅರ್ಜಿದಾರನು ಎಷ್ಟು ನೀರು, ಎಲ್ಲಿಂದ ಎಂಬುದನ್ನು ಮೊದಲ ಪುಟದಲ್ಲೇ ಬರೆಯಲಿ. ಹಮ್ಮಿಗಿಯ ಬ್ಯಾರೇಜಿನತ್ತ ಬೆರಳು ತೋರಿಸಿದರೆ ಜಿಲ್ಲಾಡಳಿತ ಆ ಅರ್ಜಿಯನ್ನು ಹಿಂದಿರುಗಿಸಲಿ.