ತಲೆ ನಮ್ಮದು, ಬಾಲ ಗ್ರೀಕರದು

ಅಮೆರಿಕದಿಂದ ಬಾಹ್ಯಾಕಾಶಕ್ಕೆ ಹೋದವನು ಆಸ್ಟ್ರೊನಾಟ್, ರಷ್ಯದಿಂದ ಹೋದವನು ಕಾಸ್ಮೊನಾಟ್. ಒಬ್ಬ ನಕ್ಷತ್ರನಾವಿಕ, ಇನ್ನೊಬ್ಬ ವಿಶ್ವನಾವಿಕ. ಎರಡರಲ್ಲೂ ತಲೆ-ಬಾಲ ಗ್ರೀಕಿನವೇ ಆದ್ದರಿಂದ ನಮ್ಮ ತಕರಾರಿಲ್ಲ. ಆ ಬಾಲವನ್ನು ಕತ್ತರಿಸಿ ಕಂಡ ಕಂಡ ತಲೆಗೆ ಅಂಟಿಸುವ ಚಾಳಿಗೆ ನಮ್ಮ ವಿರೋಧ. ಇಂಗ್ಲಿಷ್ ಪತ್ರಿಕೆಗಳು ನಮ್ಮವರನ್ನು 'ವ್ಯೋಮನಾಟ್' ಎಂದವು, 'ಗಗನಾಟ್' ಎಂದವು. ಗಗನದಲ್ಲಿ ಆಟವೋ ಕಾಟವೋ!

ಚೀನದವರಿಗೆ 'ಟೈಕೊನಾಟ್' ಇಲ್ಲವೇ ಎಂದು ಕೇಳುವವರಿದ್ದಾರೆ. ಅದು ಹೊರಗಿನವರ ಅನುಕೂಲದ ಮಾತು. 2003ರಲ್ಲಿ ಯಾಂಗ್ ಲಿವೇ ಹಾರಿದಾಗ ಅವರ ಜನಕ್ಕೆ ಆತ 'ಹಾಂಗ್‌ಟಿಯನ್‌ಯುವಾನ್', ಅಂದರೆ ಆಕಾಶಯಾನ ಮಾಡುವವನು. ಮಲೇಷಿಯದವರಂತೂ 2007ರಲ್ಲಿ ತಮ್ಮವನನ್ನು 'ಅಂಗ್ಕಸವಾನ್' ಎಂದರು. ಆ 'ಅಂಗ್ಕಸ' ನಮ್ಮ ಆಕಾಶವೇ, ಆ 'ವಾನ್' ಬಲವಾನ್, ಧನವಾನ್‌ಗಳದ್ದೇ. ನಮ್ಮ ಗಂಟಿನಿಂದ ಅವರು ಪದ ಕಟ್ಟಿಕೊಂಡರು, ನಾವು ಗ್ರೀಕರ ಬಾಲ ಹುಡುಕುತ್ತಿದ್ದೇವೆ.

ಗ್ರೀಕಿನ 'ನಾಟ್' ಮತ್ತು ಸಂಸ್ಕೃತದ 'ನೌ' ದಾಯಾದಿಗಳು ಎಂದು ಭಾಷಾಶಾಸ್ತ್ರ ತೋರಿಸುವವರಿಗೆ ಒಂದೇ ಪ್ರಶ್ನೆ: ಮನೆಯಲ್ಲಿ ನಾವಿಕನಿರುವಾಗ ದಾಯಾದಿಯನ್ನೇಕೆ ಕರೆಯಬೇಕು?

ನಾವು ಮಡಿವಂತರಲ್ಲ. ಸಂಸ್ಕೃತ-ಕನ್ನಡಗಳನ್ನು ಬೆರೆಸಿದರೆ ಅರಿಸಮಾಸವೆಂದ 13ನೆಯ ಶತಮಾನದ ಕೇಶಿರಾಜನೂ ಹಿಂದಿನ ಕವಿಗಳ ಬಳಕೆಯಲ್ಲಿ ನಿಂತವನ್ನು ಒಪ್ಪಿಕೊಂಡ. ರೈಲುಗಾಡಿ ಜನರ ಬಾಯಲ್ಲಿ ಹುಟ್ಟಿತು, ಆದ್ದರಿಂದ ಬಾಳಿತು. ಗಗನಾಟ್ ಯಾರ ಬಾಯಲ್ಲಿ ಹುಟ್ಟಿದೆ? ಅದಕ್ಕೆ ವಿಭಕ್ತಿ ಹಚ್ಚಿ ನೋಡಿ: ಗಗನಾಟನು, ಗಗನಾಟಿನಿಂದ! ಹೆಂಗಸು ಹೋದರೆ ಗಗನಾಟಳೋ?

'ಗಗನಯಾತ್ರಿ'ಗೆ ಈ ಪೇಚಾಟವಿಲ್ಲ. ಗಂಡಸಿಗೂ ಹೆಂಗಸಿಗೂ ಸಲ್ಲುತ್ತದೆ, ಮರಾಠಿ ನೆರೆಮನೆಯವರಿಗೂ ತಿಳಿಯುತ್ತದೆ. 2024ರ ಫೆಬ್ರವರಿ 27ರಂದು ತಿರುವನಂತಪುರದಲ್ಲಿ ಗಗನಯಾನಕ್ಕೆ ಆಯ್ಕೆಯಾದ ನಾಲ್ವರ ಹೆಸರು ಹೊರಬಿದ್ದಾಗ ಅವರನ್ನು ಕರೆದದ್ದೂ ಹೀಗೆಯೇ. ಅವರಲ್ಲಿ ಒಬ್ಬರಾದ ಶುಭಾಂಶು ಶುಕ್ಲಾ 2025ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದರು. ಇಸ್ರೋದ ಮುಖ್ಯ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲಿ. ಊರು ನಮ್ಮದಾಗಿದ್ದು ಮಾತು ಮಾತ್ರ ಎರವಲೇ?

ಹೊರನಾಡಿನಲ್ಲಿರುವ ನಮಗೆ ಇದು ಬರೀ ವ್ಯಾಕರಣದ ಜಗಳವಲ್ಲ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಆಯಾ ಊರಿನ ಭಾಷೆ. ಕನ್ನಡ ಉಳಿದಿರುವುದು ಊಟ, ತಿಂಡಿ, ಅಜ್ಜಿಯ ಮಾತುಗಳಿಗೆ. ವಿಜ್ಞಾನದ ಮಾತು ಬಂದೊಡನೆ ನಾವೇ ಇಂಗ್ಲಿಷಿಗೆ ಹಾರಿದರೆ, ಕನ್ನಡ ಅಡಿಗೆಮನೆಗಷ್ಟೇ ಸಾಕೆಂದು ಮಗು ತೀರ್ಮಾನಿಸಿಬಿಡುತ್ತದೆ. ಸಂಘದ ಕನ್ನಡ ತರಗತಿಗಳ ಚಿತ್ರಪಟದಲ್ಲಿ, ರಾಜ್ಯೋತ್ಸವದ ರಸಪ್ರಶ್ನೆಯಲ್ಲಿ ಇನ್ನು ಮುಂದೆ 'ಗಗನಯಾತ್ರಿ' ಎಂದೇ ಬರೆಯಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಒತ್ತಾಯಿಸುತ್ತೇವೆ.