ಪೆಟ್ರೋಲಿನ ಆವಿಯೂ ನಮ್ಮ ಮೋಟಾರ್ ಸೈಕಲ್ಲೂ

ಹಾನಗಲ್ಲಿನ ಭತ್ತದ ಗದ್ದೆಗಳ ಹಾದಿಯಲ್ಲಾಗಲಿ, ಹಿರೇಕೆರೂರಿನ ಗೋವಿನಜೋಳದ ಹೊಲಗಳ ಹಾದಿಯಲ್ಲಾಗಲಿ, ಮೋಟಾರ್ ಸೈಕಲ್ಲಿನ ಹಿಡಿಕೆಗೆ ಪೆಟ್ರೋಲು ತುಂಬಿದ ನೀರಿನ ಬಾಟಲಿಯನ್ನು ತೂಗುಹಾಕಿಕೊಂಡು ಸಾಗುವವರು ಅಪರೂಪವಲ್ಲ. ಎಣ್ಣೆ ಹೊಡೆಯುವ ಪಂಪಿಗೋ ಕಳೆ ಕೊಯ್ಯುವ ಯಂತ್ರಕ್ಕೋ ಅದು ಬೇಕು. ಪೆಟ್ರೋಲ್ ಬಂಕು ಹೊಲದ ಬದುವಿನಲ್ಲಿ ಇರುವುದಿಲ್ಲ. ಆದುದರಿಂದ ಒಯ್ಯುವವರನ್ನು ನಾವು ಹಳಿಯಲಾರೆವು. ಆದರೆ ಒಯ್ಯುವ ಕ್ರಮ ಬದಲಾಗಲೇಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಉರಿಯುವುದು ಪೆಟ್ರೋಲೆಂಬ ದ್ರವವಲ್ಲ, ಅದರ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ನಮ್ಮ ಬೇಸಿಗೆಯ 38 ಡಿಗ್ರಿಯಲ್ಲಿ ಈ ಆವಿಯ ಒತ್ತಡ ವಾಯುಮಂಡಲದ ಒತ್ತಡದ ಅರ್ಧಕ್ಕೆ ಸಮೀಪಿಸುತ್ತದೆ. ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಅದು ಮೇಲೇರಿ ಚದುರದೆ ನೆಲದ ಮೇಲೆ ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಆವಿ ಬೆರೆತರೆ ಸಾಕು. ಒಂದು ಮಿಲಿಜೌಲಿನ ಕಾಲು ಭಾಗದಷ್ಟು ಶಕ್ತಿಯ ಕಿಡಿಯೂ ಅದನ್ನು ಹೊತ್ತಿಸಬಲ್ಲದು.

ಈ ಆವಿಯನ್ನು ಹಿಡಿದಿಡುವ ಸಲುವಾಗಿಯೇ ಇಂದಿನ ಮೋಟಾರ್ ಸೈಕಲ್ಲುಗಳಲ್ಲಿ ಇದ್ದಿಲಿನ ಪುಟ್ಟ ಡಬ್ಬಿಯೊಂದಿರುತ್ತದೆ. ಎರಡು ಚಕ್ರದ ವಾಹನಗಳ ಆವಿಯ ಸೋರಿಕೆಗೆ ಮಿತಿ ಹಾಕಿದ ಭಾರತ್ ಸ್ಟೇಜ್ 4 ನಿಯಮಗಳು 2017ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ಬಂದವು. 2020ರ ಏಪ್ರಿಲ್ 1ರಿಂದ ಇನ್ನೂ ಬಿಗಿಯಾದ ಭಾರತ್ ಸ್ಟೇಜ್ 6 ಬಂದಿತು. ವಿಶೇಷವಾಗಿ ಸಿದ್ಧಪಡಿಸಿದ ಈ ಇದ್ದಿಲಿನ ಒಂದೊಂದು ಗ್ರಾಮಿನಲ್ಲಿಯೂ ನೂರಾರು ಚದರ ಮೀಟರಿನಷ್ಟು ಒಳಮೈ ಇರುತ್ತದೆ. ಬಿಸಿಲಿನಲ್ಲಿ ನಿಂತ ಬಂಡಿಯ ಟ್ಯಾಂಕಿನ ಆವಿ ಆ ಮೈಗೆ ಅಂಟಿಕೊಂಡು ಉಳಿಯುತ್ತದೆ. ಬಂಡಿ ಓಡುವಾಗ ಎಂಜಿನ್ನು ಅದನ್ನು ಹೀರಿಕೊಂಡು ಉರಿಸುತ್ತದೆ.

ಈ ಡಬ್ಬಿಯನ್ನು ಕಿತ್ತರೆ ಮೈಲೇಜು ಹೆಚ್ಚುವುದೆಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ವಿಚಾರಮಾಡಿ ನೋಡಿರಿ: ಗಾಳಿಗೆ ಹೋಗಬೇಕಾಗಿದ್ದ ಇಂಧನವನ್ನು ಎಂಜಿನ್ನಿಗೆ ಮರಳಿಸುವ ಸಾಧನವನ್ನು ತೆಗೆದುಹಾಕಿದರೆ ಉಳಿತಾಯವಾಗುವುದು ಹೇಗೆ? ಎಂಜಿನ್ನಿನ ಕಡೆಯ ಕೊಳವೆಯನ್ನು ತೆರೆದೇ ಬಿಟ್ಟರೆ ಲೆಕ್ಕಕ್ಕೆ ಸಿಕ್ಕದ ಗಾಳಿ ಧೂಳಿನೊಡನೆ ಒಳನುಗ್ಗುತ್ತದೆ. ಟ್ಯಾಂಕಿನ ಕಡೆಯ ಕೊಳವೆಯನ್ನು ಮುಚ್ಚಿಬಿಟ್ಟರೆ, ಪೆಟ್ರೋಲು ಇಳಿದಂತೆ ಗಾಳಿ ಒಳಬರಲು ದಾರಿಯಿಲ್ಲದೆ ಎಂಜಿನ್ನು ನಡುದಾರಿಯಲ್ಲಿ ನಿಂತೀತು. ತಯಾರಕರು ನಿಗದಿಪಡಿಸಿದ ರಚನೆಯನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ತಡೆಯೂ ಇದೆ. ಬಿರುಕುಬಿಟ್ಟ ಕೊಳವೆಯನ್ನು ಬದಲಿಸಿರಿ, ಡಬ್ಬಿಯನ್ನು ಕೀಳಬೇಡಿರಿ. ಟ್ಯಾಂಕನ್ನು ಬಾಯಿಮಟ್ಟ ತುಂಬಿಸಲೂಬೇಡಿರಿ. ದ್ರವರೂಪದ ಪೆಟ್ರೋಲು ಹೊಕ್ಕರೆ ಇದ್ದಿಲು ಕೆಡುತ್ತದೆ.

ಇನ್ನು ಹೆಚ್ಚಿನ ಪೆಟ್ರೋಲನ್ನು ಒಯ್ಯುವ ವಿಷಯ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದ 30 ಲೀಟರಿನವರೆಗಿನ ಪೆಟ್ರೋಲಿಗೆ ಪರವಾನಗಿ ಬೇಕಿಲ್ಲ. ಆದರೆ ಅದು ಹೇಳುವ ಪಾತ್ರೆಗಳು ಭದ್ರವಾದ ಮುಚ್ಚಳವುಳ್ಳ ಗಾಜಿನವು, ಪಿಂಗಾಣಿಯವು ಇಲ್ಲವೆ ಲೋಹದವು. ಗಾಜು ಪಿಂಗಾಣಿಗಳಿಗೆ 1 ಲೀಟರು, ಲೋಹಕ್ಕೆ 25 ಲೀಟರು ಮಿತಿ. ಒಡೆಯುವ ಗಾಜು ದಾರಿಗೆ ತಕ್ಕುದಲ್ಲ. ಲೋಹದ ಕ್ಯಾನೇ ಲೇಸು. ನೀರಿನ ಬಾಟಲಿಗೆ ಈ ಪಟ್ಟಿಯಲ್ಲಿ ಸ್ಥಾನವೇ ಇಲ್ಲ.

ಆ ಕ್ಯಾನನ್ನು ಕೂಡ ಪೂರ್ಣವಾಗಿ ತುಂಬಬಾರದು. ಉಷ್ಣತೆ 20 ಡಿಗ್ರಿಯಷ್ಟು ಏರಿದರೆ 5 ಲೀಟರು ಪೆಟ್ರೋಲು ಸುಮಾರು 95 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಹಿಗ್ಗಲು ಎಡೆಯಿಲ್ಲದಿದ್ದರೆ ಅದು ಸೋರುತ್ತದೆ. ತುಂಬುವಾಗ ಎಂಜಿನ್ನನ್ನು ನಿಲ್ಲಿಸಿ, ಕ್ಯಾನನ್ನು ಬಂಡಿಯಿಂದ ಇಳಿಸಿ ನೆಲದ ಮೇಲಿಡಬೇಕು. ಪಂಪಿನ ಮೂತಿ ಕ್ಯಾನಿನ ಬಾಯಿಗೆ ತಾಗಿರಬೇಕು. ಹರಿಯುವ ಪೆಟ್ರೋಲಿನಿಂದ ಹುಟ್ಟಿದ ವಿದ್ಯುದಾವೇಶ ಆಗ ಕಿಡಿಯಾಗದೆ ಭೂಮಿಗೆ ಇಳಿದುಹೋಗುತ್ತದೆ. ಸಾಗಿಸುವಾಗ ಸೈಲೆನ್ಸರಿನಿಂದ ದೂರವಾಗಿ, ನೆಟ್ಟಗೆ ನಿಲ್ಲುವಂತೆ ಬಿಗಿದು ಕಟ್ಟಬೇಕು. ಎಂಜಿನ್ನು ತಣಿದ ಮೇಲೆಯೇ ಯಂತ್ರಕ್ಕೆ ಹೊಯ್ಯಬೇಕು. ಉಳಿದುದನ್ನು ಅಡುಗೆಮನೆಯಲ್ಲಾಗಲಿ, ಮಲಗುವ ಕೋಣೆಯಲ್ಲಾಗಲಿ, ಮಕ್ಕಳ ಕೈಗೆಟುಕುವಲ್ಲಾಗಲಿ ಇಡಕೂಡದು. ಬಾಯಾರಿದ ಮಗುವಿಗೆ ನೀರಿನ ಬಾಟಲಿಯೆಂದರೆ ನೀರೇ ಎಂಬುದನ್ನು ಮರೆಯಬಾರದು.

ಒಳ್ಳೆಯ ಕ್ಯಾನಿಗೆ ದುಡ್ಡು ಬೀಳುವುದೆಂದು ಕೆಲವರು ಹೇಳಿಯಾರು. ಮಾತು ನಿಜ. ಹತ್ತು ಮನೆಗಳು ಕೂಡಿ ಒಂದನ್ನು ಕೊಳ್ಳಬಹುದು. ಬೀಜ ಗೊಬ್ಬರ ಮಾರುವ ಸಹಕಾರಿ ಸಂಘಗಳು ಇಂಥ ಕ್ಯಾನುಗಳನ್ನೂ ತರಿಸಿಡಬಹುದು. ಶಿಗ್ಗಾಂವಿ, ಸವಣೂರುಗಳ ಶಾಲೆ ಕಾಲೇಜುಗಳಲ್ಲಿ ಆವಿಯ ಒತ್ತಡವನ್ನೂ ದ್ರವಗಳ ವ್ಯಾಕೋಚನವನ್ನೂ ಓದುತ್ತಿರುವ ವಿದ್ಯಾರ್ಥಿಗಳು ಆ ಪಾಠವನ್ನು ಪರೀಕ್ಷೆಯ ಹಾಳೆಯಲ್ಲಿಯೇ ಬಿಟ್ಟು ಬರಬಾರದು. ಮನೆಯ ಹಿರಿಯರಿಗೆ ವಿನಯದಿಂದ ತಿಳಿಹೇಳಿ, ಹಿಡಿಕೆಯ ಮೇಲಿನ ಬಾಟಲಿಯನ್ನು ಇಳಿಸುವ ಕೆಲಸವನ್ನು ಅವರೇ ಮೊದಲು ಕೈಗೊಳ್ಳಲಿ.